ಕಚೇರಿಗೊಂದು ದೂರವಾಣಿ ವಿನಿಮಯ ಕೇಂದ್ರ: ಚಾಮರಾಜನಗರ, ಗುಂಡ್ಲುಪೇಟೆ ವರ್ತಕರು ಗಮನಿಸಬೇಕಾದ ಕೆಲವು ವಿಚಾರಗಳು

ವ್ಯಾಪಾರ ವಹಿವಾಟಿನಲ್ಲಿ ದೂರವಾಣಿಗೆ ಇರುವ ಸ್ಥಾನವನ್ನು ವರ್ತಕ ಬಾಂಧವರಿಗೆ ಹೊಸದಾಗಿ ವಿವರಿಸಬೇಕಾದ ಅಗತ್ಯವಿಲ್ಲ. ಆದರೆ ಅಂಗಡಿಗೆ, ಗಿರಣಿಗೆ, ವಸತಿಗೃಹಕ್ಕೆ ಬರುವ ಕರೆ ಯಾವ ತಂತಿಯ ಮೂಲಕ ಯಾವ ಮೇಜಿಗೆ ತಲುಪುತ್ತದೆ, ತಲುಪದಿದ್ದರೆ ಏಕೆ ತಲುಪಲಿಲ್ಲ ಎಂದು ವಿಚಾರಿಸುವವರು ವಿರಳ. ಬಂಡೀಪುರ ಅರಣ್ಯದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ 2009ರಲ್ಲಿ ಜಾರಿಗೆ ಬಂದ ಮೇಲೆ, ಗುಂಡ್ಲುಪೇಟೆಯ ತರಕಾರಿ, ಬಾಳೆ, ಹೂವಿನ ವ್ಯಾಪಾರಕ್ಕೆ ಸಂಜೆಯ ಎರಡು ಮೂರು ಗಂಟೆಗಳು ನಿರ್ಣಾಯಕವಾದವು. ಸುಲ್ತಾನ್ ಬತ್ತೇರಿಯ ಕಡೆಗೆ ಹೊರಟ ಲಾರಿ ಒಂಬತ್ತರೊಳಗೆ ಮದ್ದೂರು ತಪಾಸಣಾ ಠಾಣೆಯನ್ನು ದಾಟಬೇಕು. ತಪ್ಪಿದರೆ ಬೆಳಗಿನವರೆಗೆ ನಿಲ್ಲಬೇಕು, ಹೊತ್ತ ಮಾಲು ಬಾಡಬೇಕು. ಇಂತಹ ಹೊತ್ತಿನಲ್ಲಿ ಕೇರಳದ ಖರೀದಿದಾರನಿಗೆ ಮಂಡಿಯ ದೂರವಾಣಿ ಮೂರು ಬಾರಿ ‘ಎಂಗೇಜ್’ ಎಂದು ಕೇಳಿಸಿದರೆ ನಾಲ್ಕನೆಯ ಕರೆ ಪಕ್ಕದ ಮಂಡಿಗೆ ಹೋಗುತ್ತದೆ.

ಈ ಸಂಕಟ ಹೊಸದೇನಲ್ಲ. ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರ ಹುಟ್ಟಿದ್ದೇ ಇಂತಹ ಒಂದು ವ್ಯಾಪಾರಿ ಸಂಶಯದಿಂದ ಎಂಬ ಕಥೆಯಿದೆ. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್ ಎಂಬುವರು, ತಮಗೆ ಬರಬೇಕಾದ ಕರೆಗಳನ್ನು ಆಪರೇಟರ್ ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾರೆಂದು ಶಂಕಿಸಿ, ಆಪರೇಟರ್ ಇಲ್ಲದೆಯೇ ಕರೆಯನ್ನು ಜೋಡಿಸುವ ಯಂತ್ರವನ್ನು ರೂಪಿಸಿದರಂತೆ. ಅದಕ್ಕೆ 1891ರ ಮಾರ್ಚ್‌ನಲ್ಲಿ ಪೇಟೆಂಟ್ ದೊರೆಯಿತು. ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸಂಸ್ಥೆ ಮೊದಮೊದಲು ತಯಾರಿಸಿದ್ದೂ ಸ್ಟ್ರೌಜರ್ ಪದ್ಧತಿಯ ವಿನಿಮಯ ಕೇಂದ್ರಗಳನ್ನೇ.

ಕಚೇರಿಯೊಳಗಿನ ಖಾಸಗಿ ವಿನಿಮಯ ಕೇಂದ್ರ, ಅಂದರೆ ಎಲ್ಲರ ಬಾಯಲ್ಲಿರುವ ಇಪಿಎಬಿಎಕ್ಸ್, ಈ ಯಂತ್ರದ ಕಿರಿಯ ರೂಪ. ದೂರವಾಣಿ ಇಲಾಖೆಯಿಂದ ಬಂದ ಎರಡು ಮೂರು ಹೊರಲೈನುಗಳನ್ನು ಹತ್ತಾರು ಒಳಲೈನುಗಳು ಹಂಚಿಕೊಳ್ಳುವಂತೆ ಮಾಡುವುದು, ಒಳಲೈನುಗಳು ತಮ್ಮತಮ್ಮೊಳಗೆ ಖರ್ಚಿಲ್ಲದೆ ಮಾತನಾಡುವಂತೆ ಮಾಡುವುದು – ಇವೆರಡೇ ಅದರ ಮೂಲ ಕೆಲಸ. ಮಾರುಕಟ್ಟೆಯಲ್ಲಿ ‘ಮೂರು-ಎಂಟು’, ‘ನಾಲ್ಕು-ಹದಿನಾರು’ ಎಂದು ಹೇಳುವಾಗ ಮೊದಲ ಅಂಕಿ ಹೊರಲೈನು, ಎರಡನೆಯದು ಒಳಲೈನು. ಉಳಿದ ಸೌಲಭ್ಯಗಳ ಪಟ್ಟಿ ಎಷ್ಟೇ ಉದ್ದವಿರಲಿ, ಮಾರಾಟಗಾರರು ಕೊಡುವ ಬಣ್ಣದ ಕರಪತ್ರದಲ್ಲಿ ಅವೆಲ್ಲವೂ ಇರುವುದರಿಂದ ಇಲ್ಲಿ ಬೆಳೆಸಬೇಕಾಗಿಲ್ಲ.

ಪ್ರತಿಯೊಬ್ಬನ ಜೇಬಿನಲ್ಲೂ ಮೊಬೈಲ್ ಇರುವಾಗ ಇದೆಲ್ಲ ಏಕೆ ಎಂಬ ಪ್ರಶ್ನೆ ಸಹಜ. ಉತ್ತರ ತಂತ್ರಜ್ಞಾನದಲ್ಲಿಲ್ಲ, ವ್ಯಾಪಾರದಲ್ಲಿದೆ. ಗಿರಾಕಿಯ ಬಳಿ ಇರುವುದು ಗುಮಾಸ್ತನ ಮೊಬೈಲ್ ಸಂಖ್ಯೆಯಾದರೆ, ಗುಮಾಸ್ತ ಕೆಲಸ ಬಿಟ್ಟ ದಿನ ಗಿರಾಕಿಯೂ ಅವನೊಂದಿಗೆ ಹೊರಡುತ್ತಾನೆ. ಸಂಸ್ಥೆಯ ಹೆಸರಿನಲ್ಲಿ ಹತ್ತಿಪ್ಪತ್ತು ವರ್ಷ ಬದಲಾಗದೆ ಉಳಿದ, ಫಲಕದ ಮೇಲೆ, ಬಿಲ್ ಪುಸ್ತಕದ ಮೇಲೆ, ಅರಿಸಿನದ ಚೀಲದ ಮೇಲೆ ಮುದ್ರಿತವಾದ ಒಂದು ಸಂಖ್ಯೆ ಅಂಗಡಿಯ ಆಸ್ತಿ. ಆ ಸಂಖ್ಯೆಗೆ ಬಂದ ಕರೆಯನ್ನು ಸರಿಯಾದ ವ್ಯಕ್ತಿಗೆ, ಅವನಿಲ್ಲದಿದ್ದರೆ ಮತ್ತೊಬ್ಬನಿಗೆ ತಲುಪಿಸುವುದಕ್ಕಾಗಿ ಈ ವ್ಯವಸ್ಥೆ.

ಕಿತ್ತೂರಿನಿಂದ ಕಲಿತದ್ದು

ವಿದೇಶಿ ಯಂತ್ರಗಳು ತಂಪಾದ ಕೋಣೆಯನ್ನು ಬಯಸುತ್ತಿದ್ದ ಕಾಲದಲ್ಲಿ, 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ 128 ಪೋರ್ಟುಗಳ ಒಂದು ಖಾಸಗಿ ವಿನಿಮಯ ಕೇಂದ್ರವನ್ನು ರೂಪಿಸಿತು. ಕಚೇರಿಗಳಿಗೆಂದು ತಯಾರಾದ ಈ ವಿನ್ಯಾಸವನ್ನೇ ಹಳ್ಳಿಗೆ ಒಗ್ಗಿಸಿ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನಾಗಿ ಮಾಡಲಾಯಿತು. ಅದರ ಮೊದಲ ಕೇಂದ್ರ 1986ರಲ್ಲಿ ಕಾರ್ಯಾರಂಭ ಮಾಡಿದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದ ಕೋಣೆ, ಧೂಳು, ಬಿಸಿಲು, ಏರಿಳಿಯುವ ವಿದ್ಯುತ್ – ಇವುಗಳ ನಡುವೆಯೇ ಅದು ಕೆಲಸ ಮಾಡಬೇಕಾಗಿತ್ತು, ಮಾಡಿತು. ಮುಂದೆ ಈ ತಂತ್ರಜ್ಞಾನವನ್ನು ದೇಶದ ಸಾರ್ವಜನಿಕ ಹಾಗೂ ಖಾಸಗಿ ತಯಾರಕರಿಗೆ ವರ್ಗಾಯಿಸಲಾಯಿತು. ಸಣ್ಣ ಪಟ್ಟಣದ ಕಚೇರಿಯಲ್ಲೂ ವಿನಿಮಯ ಕೇಂದ್ರ ಇಡಬಹುದೆಂಬ ಧೈರ್ಯ ಬಂದದ್ದು ಹೀಗೆ.

ಕಿತ್ತೂರಿನ ಅನುಭವದಲ್ಲಿ ಚಾಮರಾಜನಗರಕ್ಕೂ ಒಂದು ಮಾತಿದೆ. ಪೆಟ್ಟಿಗೆ ಈ ನೆಲದ ಹವೆಗೆ ಹೊಂದಿಕೊಂಡು ಬಹುಕಾಲವಾಯಿತು. ಕೆಡುವುದು ಪೆಟ್ಟಿಗೆಯ ಹೊರಗಿನ ಸಂಗತಿಗಳು: ತಂತಿ, ಜೋಡಣೆ, ಭೂಸಂಪರ್ಕ, ಬ್ಯಾಟರಿ. ಹೊಸ ವ್ಯವಸ್ಥೆಗೆ ಮುಂದಾಗುವವರು ಹಣವನ್ನೂ ಗಮನವನ್ನೂ ಪೆಟ್ಟಿಗೆಯ ಮೇಲೆಯೇ ಸುರಿದು, ಇವುಗಳನ್ನು ಕೊನೆಯ ದಿನದ ಕೆಲಸವೆಂದು ಬಿಟ್ಟುಬಿಡುವುದೇ ಮುಂದಿನ ತೊಂದರೆಗಳ ಮೂಲ.

ಎಷ್ಟು ಲೈನು ಬೇಕು?

ಇದನ್ನು ಊಹೆಯಿಂದ ನಿರ್ಧರಿಸಬೇಕಾಗಿಲ್ಲ. ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ ಶತಮಾನಕ್ಕೂ ಹಿಂದೆಯೇ ಇದಕ್ಕೆ ಲೆಕ್ಕವನ್ನು ಒದಗಿಸಿದ್ದಾರೆ. ಒಂದು ಮಂಡಿಗೆ ಸಂಜೆಯ ಅತ್ಯಂತ ಒತ್ತಡದ ಒಂದು ಗಂಟೆಯಲ್ಲಿ ಬರುವ, ಹೋಗುವ ಕರೆಗಳು ಸೇರಿ 40 ಎಂದಿಟ್ಟುಕೊಂಡು, ಪ್ರತಿಯೊಂದೂ ಸರಾಸರಿ 3 ನಿಮಿಷ ನಡೆಯುವುದಾದರೆ ಒಟ್ಟು 120 ನಿಮಿಷಗಳ ಮಾತು. ಒಂದು ಗಂಟೆಯಲ್ಲಿ 120 ನಿಮಿಷದ ಮಾತು ಎಂದರೆ ಎರಡು ಲೈನು ಸಾಕಲ್ಲವೇ ಎಂದು ತೋರುತ್ತದೆ. ಆದರೆ ಕರೆಗಳು ಸರದಿಯಲ್ಲಿ ನಿಂತು ಬರುವುದಿಲ್ಲ. ಎರ್ಲಾಂಗ್ ಸೂತ್ರದ ಪ್ರಕಾರ ಎರಡು ಲೈನಿದ್ದರೆ ನೂರರಲ್ಲಿ 40 ಕರೆಗಳಿಗೆ ಎಂಗೇಜ್ ಸದ್ದು ಕೇಳಿಸುತ್ತದೆ, ಮೂರಿದ್ದರೆ 21ಕ್ಕೆ, ನಾಲ್ಕಿದ್ದರೆ ಸುಮಾರು 10ಕ್ಕೆ, ಐದಿದ್ದರೆ 4ಕ್ಕೂ ಕಡಿಮೆ. ಎರಡರಿಂದ ನಾಲ್ಕಕ್ಕೆ ಏರುವುದರಿಂದ ಬರುವ ಲಾಭ ದೊಡ್ಡದು, ಐದರಿಂದ ಆರಕ್ಕೆ ಏರುವುದರಿಂದ ಬರುವುದು ಅಲ್ಪ. ಒಂದು ವಾರ ಸಂಜೆ ಕರೆಗಳನ್ನು ಕಾಗದದ ಮೇಲೆ ಗೀಟು ಹಾಕಿ ಎಣಿಸಿದರೆ ಯಾವ ಅಂಗಡಿಯವರಾದರೂ ಈ ಲೆಕ್ಕ ಮಾಡಬಹುದು.

ಒಳಲೈನುಗಳ ವಿಷಯದಲ್ಲಿ ಇಷ್ಟು ಎಚ್ಚರ ಬೇಡ. ಇಂದು ಎಂಟು ಬೇಕಿದ್ದರೆ ಹದಿನಾರರವರೆಗೆ ಬೆಳೆಯಬಲ್ಲ ಪೆಟ್ಟಿಗೆಯನ್ನು ಕೊಂಡು, ತಂತಿಯನ್ನು ಮಾತ್ರ ಈಗಲೇ ಇಪ್ಪತ್ತಕ್ಕೆ ಎಳೆಸುವುದು ಜಾಣತನ. ಗೋಡೆ ಒಡೆಯುವುದು ಎರಡು ಬಾರಿ ಆಗಬಾರದು.

ತಂತಿಯ ಕೆಲಸ

ದೂರವಾಣಿಯ ಒಂದು ಲೈನಿಗೆ ಬೇಕಾದದ್ದು ಹೊಸೆದ ಒಂದು ಜೋಡಿ ತಾಮ್ರದ ತಂತಿ. ಹೊಸೆತಕ್ಕೆ ಕಾರಣವಿದೆ. ಪಕ್ಕದಲ್ಲಿ ಹಾದುಹೋಗುವ ವಿದ್ಯುತ್ ತಂತಿಯಿಂದ ಹುಟ್ಟುವ ಗುಂಯ್‌ಗುಡುವಿಕೆ ಎರಡೂ ತಂತಿಗಳ ಮೇಲೆ ಸಮನಾಗಿ ಬಿದ್ದು ಪರಸ್ಪರ ಕಳೆದುಹೋಗಲಿ ಎಂಬುದೇ ಅದರ ಉದ್ದೇಶ. ಹೊಸೆಯದ ಚಪ್ಪಟೆ ತಂತಿಯನ್ನು ಮೇಜಿನಿಂದ ಗೋಡೆಯ ಪೆಟ್ಟಿಗೆಯವರೆಗೆ ಬಳಸಬಹುದೇ ಹೊರತು ಕಟ್ಟಡದ ಉದ್ದಕ್ಕೂ ಎಳೆಯಬಾರದು. ಅಕ್ಕಿ ಗಿರಣಿ, ಗ್ರಾನೈಟ್ ಕತ್ತರಿಸುವ ಘಟಕಗಳಂತಹ, ಮೂರು ಫೇಸಿನ ಮೋಟಾರುಗಳು ಓಡುವ ಜಾಗಗಳಲ್ಲಿ ಇದು ಇನ್ನೂ ಮುಖ್ಯ. ವಿದ್ಯುತ್ ತಂತಿಯೂ ದೂರವಾಣಿ ತಂತಿಯೂ ಒಂದೇ ಕೊಳವೆಯಲ್ಲಿ ಎಂದಿಗೂ ಹೋಗಕೂಡದು. ಪಕ್ಕಪಕ್ಕದಲ್ಲಿ ಸಾಗಬೇಕಾದರೆ ನಡುವೆ ಕನಿಷ್ಠ ಒಂದಡಿ ಅಂತರವಿರಲಿ. ಅಡ್ಡ ಹಾಯಲೇಬೇಕಾದ ಕಡೆ ನೇರ ಕೋನದಲ್ಲಿ ಹಾಯಲಿ.

ದೂರದ ಬಗ್ಗೆ ವರ್ತಕರಲ್ಲಿ ಅನಗತ್ಯ ಭಯವಿದೆ. 0.5 ಮಿ.ಮೀ. ವ್ಯಾಸದ ತಾಮ್ರದ ಜೋಡಿಯ ಪ್ರತಿರೋಧ ಒಂದು ಕಿಲೋಮೀಟರಿಗೆ, ಹೋಗಿ ಬರುವ ಎರಡೂ ತಂತಿ ಸೇರಿ, ಸುಮಾರು 176 ಓಂ. 0.4 ಮಿ.ಮೀ. ಆದರೆ ಸುಮಾರು 274 ಓಂ. ಸಾಮಾನ್ಯ ಇಪಿಎಬಿಎಕ್ಸ್ ದೂರವಾಣಿ ಯಂತ್ರವೂ ಸೇರಿ ಹಲವು ನೂರು ಓಂಗಳನ್ನು ಸಹಿಸುತ್ತದೆ. ಆದ್ದರಿಂದ ಗಿರಣಿಯ ಕಚೇರಿಯಿಂದ 300 ಮೀಟರ್ ದೂರದ ತೂಕದ ಮನೆಗೆ, ವಸತಿಗೃಹದ ಸ್ವಾಗತ ಕಟ್ಟೆಯಿಂದ ತೋಟದ ಕೊನೆಯ ಕುಟೀರಕ್ಕೆ ಲೈನು ಕೊಡುವುದು ಸಮಸ್ಯೆಯೇ ಅಲ್ಲ. ಸಮಸ್ಯೆಯಾಗುವುದು ಅಗ್ಗದ ಕೇಬಲಿನಿಂದ. ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಹೊದಿಕೆ ಕೊಟ್ಟು ತಾಮ್ರದಂತೆಯೇ ತೋರುವ ಕೇಬಲುಗಳು ಮಾರುಕಟ್ಟೆಯಲ್ಲಿವೆ. ಅವುಗಳ ಪ್ರತಿರೋಧ ಶುದ್ಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಅದಕ್ಕಿಂತಲೂ ಕೆಟ್ಟದ್ದು, ಅವು ಜೋಡಣೆಯ ಜಾಗದಲ್ಲಿ ಬಾಗಿಸಿದರೆ ಮುರಿಯುತ್ತವೆ. ತುದಿಯನ್ನು ಚಾಕುವಿನಿಂದ ಕೆರೆದು ನೋಡಿದರೆ ಬೆಳ್ಳಗಿನ ಲೋಹ ಕಾಣಿಸುತ್ತದೆ. ಕಂಡರೆ ಕೇಬಲನ್ನು ಹಿಂದಿರುಗಿಸುವುದೇ ಲೇಸು.

ಎಲ್ಲ ಒಳಲೈನುಗಳೂ ಬಂದು ಸೇರುವ ಜಾಗ ಎಂಡಿಎಫ್ ಎಂದು ಕರೆಯುವ ಮುಖ್ಯ ವಿತರಣಾ ಚೌಕಟ್ಟು. ಸಣ್ಣ ಕಚೇರಿಯಲ್ಲಿ ಇದೊಂದು ಗೋಡೆಗೆ ಬಿಗಿದ ಪುಟ್ಟ ಪೆಟ್ಟಿಗೆ ಮಾತ್ರ. ಒಳಗೆ ಹತ್ತು ಜೋಡಿಗಳನ್ನು ಹಿಡಿಯುವ ಕ್ರೋನ್ ಮಾಡ್ಯೂಲುಗಳಿರುತ್ತವೆ. ಒಂದು ಸಾಲಿಗೆ ಇಪಿಎಬಿಎಕ್ಸ್ ಕಡೆಯ ತಂತಿ, ಇನ್ನೊಂದು ಸಾಲಿಗೆ ಕಟ್ಟಡದ ತಂತಿ, ಎರಡರ ನಡುವೆ ಜಂಪರ್. ಲೆಕ್ಕ ವಿಭಾಗದ ಗುಮಾಸ್ತ ಮಹಡಿಯಿಂದ ಕೆಳಗೆ ಬಂದರೆ ಅವನ ಹಳೆಯ ಒಳಸಂಖ್ಯೆಯನ್ನೇ ಹೊಸ ಮೇಜಿಗೆ ತರಲು ಒಂದು ಜಂಪರ್ ಬದಲಿಸಿದರೆ ಸಾಕು. ಆದರೂ ಎಷ್ಟೋ ಕಡೆ ಖರ್ಚು ಉಳಿಸುವ ನೆಪದಲ್ಲಿ ಈ ಚೌಕಟ್ಟನ್ನೇ ಬಿಟ್ಟು ತಂತಿಗಳನ್ನು ನೇರವಾಗಿ ಪೆಟ್ಟಿಗೆಗೆ ತುರುಕುವುದುಂಟು. ಆರು ತಿಂಗಳ ನಂತರ ಯಾವ ತಂತಿ ಎಲ್ಲಿಯದೆಂದು ಹಾಕಿದವರಿಗೂ ತಿಳಿಯದು. ಕ್ರೋನ್ ಮಾಡ್ಯೂಲಿಗೆ ಅದಕ್ಕೆಂದೇ ಮಾಡಿದ ಉಪಕರಣದಿಂದ ತಂತಿಯನ್ನು ಒತ್ತಬೇಕು. ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ಒಳಗಿನ ಹಲ್ಲು ಅಗಲಗೊಂಡು ಸಂಪರ್ಕ ಸಡಿಲವಾಗುತ್ತದೆ, ಮಳೆಗಾಲದಲ್ಲಿ ಕರಕರ ಸದ್ದು ಶುರುವಾಗುತ್ತದೆ.

ಜೋಡಿಗಳನ್ನು ಗುರುತಿಸಲು ಬಣ್ಣದ ಕ್ರಮವಿದೆ. ಮೊದಲ ಐದು ಜೋಡಿಗಳಲ್ಲಿ ಬಿಳಿಯ ಜೊತೆಗೆ ಅನುಕ್ರಮವಾಗಿ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಮುಂದಿನ ಐದರಲ್ಲಿ ಕೆಂಪಿನ ಜೊತೆಗೆ ಅದೇ ಐದು ಬಣ್ಣ. ಅನಂತರ ಕಪ್ಪು, ಹಳದಿ, ನೇರಳೆ. ಹೀಗೆ 25 ಜೋಡಿಗಳಾಗುತ್ತವೆ. ಈ ಕ್ರಮವನ್ನು ಪಾಲಿಸಿದ ಕೇಬಲನ್ನು ಮೈಸೂರಿನಿಂದ ಬಂದ ಹೊಸ ತಂತ್ರಜ್ಞನೂ ಐದು ನಿಮಿಷದಲ್ಲಿ ಓದಬಲ್ಲ. ಕೈಗೆ ಸಿಕ್ಕ ಬಣ್ಣವನ್ನು ಕೈಗೆ ಸಿಕ್ಕಲ್ಲಿಗೆ ಸೇರಿಸಿದ್ದರೆ ಅವನು ದಿನವಿಡೀ ಗಂಟೆ ಬಾರಿಸುತ್ತಾ ಕೂರಬೇಕಾಗುತ್ತದೆ, ಆ ದಿನದ ಕೂಲಿ ಮಾಲೀಕನ ಲೆಕ್ಕಕ್ಕೆ.

ಈಗ ಹೊಸದಾಗಿ ವೈರಿಂಗ್ ಮಾಡಿಸುವವರಿಗೆ ಒಂದು ಸಲಹೆ. ದೂರವಾಣಿಗೊಂದು, ಕಂಪ್ಯೂಟರಿಗೊಂದು ಎಂದು ಬೇರೆಬೇರೆ ಬಗೆಯ ತಂತಿ ಎಳೆಯುವ ಕಾಲ ಹೋಯಿತು. ಪ್ರತಿ ಮೇಜಿಗೆ ಎರಡು ಕ್ಯಾಟ್-6 ಕೇಬಲ್ ಎಳೆಸಿದರೆ ಎರಡೂ ಕೆಲಸಕ್ಕೆ ಬರುತ್ತವೆ. ಆರ್‌ಜೆ-45 ಸಾಕೆಟ್‌ನ ನಡುವಿನ ಎರಡು ಪಿನ್‌ಗಳಾದ 4 ಮತ್ತು 5ಕ್ಕೆ ನೀಲಿ ಜೋಡಿ ಬರುತ್ತದೆ. ಮಾಮೂಲಿ ದೂರವಾಣಿಯ ಸಣ್ಣ ಪ್ಲಗ್ ಅಲ್ಲಿ ಕೂತರೆ ಅದರ ನಡುವಿನ ಎರಡು ತಂತಿಗಳು ಅದೇ ಜೋಡಿಯನ್ನು ಮುಟ್ಟುತ್ತವೆ. ಹೀಗೆ ಇಂದು ಹಳೆಯ ದೂರವಾಣಿಗೆ ಬಳಸಿದ ಸಾಕೆಟನ್ನು ನಾಳೆ ಐಪಿ ದೂರವಾಣಿಗೆ ಬಳಸಬಹುದು. ನೆನಪಿಡಬೇಕಾದದ್ದು ಅಂತರ: ಹಳೆಯ ದೂರವಾಣಿಗೆ ಕಿಲೋಮೀಟರ್ ದಾಟಿದರೂ ಚಿಂತೆಯಿಲ್ಲ, ಕಂಪ್ಯೂಟರ್ ಜಾಲಕ್ಕೆ ಒಟ್ಟು 100 ಮೀಟರೇ ಮಿತಿ. ತೋಟದ ಕುಟೀರಕ್ಕೆ ಐಪಿ ದೂರವಾಣಿ ಬೇಕೆಂದರೆ ಆಪ್ಟಿಕಲ್ ಫೈಬರ್ ಬೇಕಾಗುತ್ತದೆ, ಮಾಮೂಲಿ ದೂರವಾಣಿಯಾದರೆ ಒಂದು ಜೋಡಿ ತಾಮ್ರ ಸಾಕು.

ಸಿಡಿಲು ಮತ್ತು ಭೂಸಂಪರ್ಕ

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಈ ಭಾಗದಲ್ಲಿ ಗುಡುಗು ಸಿಡಿಲಿನ ಮಳೆ ಸಾಮಾನ್ಯ. ಇಪಿಎಬಿಎಕ್ಸ್‌ಗಳು ಸುಡುವುದು ಬಹುಪಾಲು ಆಗಲೇ. ಸಿಡಿಲು ಕಟ್ಟಡದ ಮೇಲೆಯೇ ಬೀಳಬೇಕೆಂದಿಲ್ಲ. ಅರ್ಧ ಮೈಲಿ ದೂರದಲ್ಲಿ ಬಿದ್ದರೂ ಕಂಬದ ಮೇಲೆ ಹಾಯುವ ತಂತಿಯಲ್ಲಿ ಸಾವಿರಾರು ವೋಲ್ಟಿನ ಅಲೆಯೊಂದು ಏಳುತ್ತದೆ. ಅದನ್ನು ತಡೆಯಲು ಪ್ರತಿ ಹೊರಲೈನಿಗೂ, ಕಟ್ಟಡದಿಂದ ಹೊರಗೆ ಬಯಲಿನಲ್ಲಿ ಹೋಗುವ ಪ್ರತಿ ಒಳಲೈನಿಗೂ ಎಂಡಿಎಫ್‌ನಲ್ಲಿಯೇ ಅನಿಲ ವಿಸರ್ಜನಾ ನಳಿಕೆಗಳನ್ನು, ಅಂದರೆ ಜಿ.ಡಿ. ಟ್ಯೂಬುಗಳನ್ನು ಕೂರಿಸಬೇಕು. ವೋಲ್ಟೇಜು ಮಿತಿ ಮೀರಿದಾಗ ಅವು ತಂತಿಯನ್ನು ಕ್ಷಣಮಾತ್ರ ಭೂಮಿಗೆ ಜೋಡಿಸುತ್ತವೆ. ಹೊರಲೈನಿಗೆ ರಕ್ಷಣೆ ಹಾಕಿಸಿ, ಕಾವಲುಗಾರನ ಕೋಣೆಗೆ ಗಾಳಿಯಲ್ಲಿ ಹೋಗುವ ಒಳಲೈನನ್ನು ಮರೆಯುವುದು ತೀರಾ ಸಾಮಾನ್ಯ ತಪ್ಪು. ಸಿಡಿಲಿಗೆ ಒಳಲೈನು ಹೊರಲೈನೆಂಬ ಭೇದವಿಲ್ಲ.

ಆದರೆ ನಳಿಕೆ ಅಲೆಯನ್ನು ಭೂಮಿಗೆ ಕಳಿಸಬೇಕಾದರೆ ಭೂಮಿಗೆ ದಾರಿಯಿರಬೇಕು. ಇಲ್ಲಿಯೇ ಈ ಜಿಲ್ಲೆಯ ನೆಲ ತೊಡಕು ತರುತ್ತದೆ. ಕಪ್ಪು ಗ್ರಾನೈಟಿಗೆ ಹೆಸರಾದ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಎಷ್ಟೋ ಕಡೆ ಮಣ್ಣಿನ ಪದರ ತೆಳುವಾಗಿದ್ದು ಕೆಳಗೆ ಬಂಡೆಯಿದೆ. ಒಣಗಿದ ತೆಳು ಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಯ್ಯದು. ಕೊಳವೆಯೊಂದನ್ನು ನೆಟ್ಟು ಉಪ್ಪು, ಇದ್ದಿಲು ತುಂಬಿದ ಮಾತ್ರಕ್ಕೆ ಭೂಸಂಪರ್ಕ ಆಯಿತೆಂದು ಭಾವಿಸಬಾರದು, ಅಳೆಯಬೇಕು. ಹಲವು ತಯಾರಕರು 5 ಓಂಗಿಂತ ಕಡಿಮೆ ಪ್ರತಿರೋಧವನ್ನು ಕೇಳುತ್ತಾರೆ. ಒಂದು ಗುಂಡಿಯಲ್ಲಿ ಅದು ದೊರೆಯದಿದ್ದರೆ ಅಂತರ ಬಿಟ್ಟು ಎರಡು ಮೂರು ಗುಂಡಿಗಳನ್ನು ತೋಡಿ ಒಂದಕ್ಕೊಂದು ಜೋಡಿಸಬೇಕು. ಭಾರತೀಯ ಮಾನಕ ಐಎಸ್ 3043 ಇದರ ವಿಧಾನಗಳನ್ನು ವಿವರಿಸುತ್ತದೆ. ಅಳತೆಯನ್ನು ಮಳೆಗಾಲದಲ್ಲಿ ಮಾಡಿಸಿದರೆ ಅಂಕಿ ಚೆನ್ನಾಗಿಯೇ ಬರುತ್ತದೆ, ಅದಕ್ಕೆ ಮೋಸಹೋಗಬಾರದು. ನಿಜವಾದ ಪರೀಕ್ಷೆ ಮಾರ್ಚ್ ಕೊನೆಯ ಒಣ ನೆಲದಲ್ಲಿ.

ದೂರವಾಣಿಗೆ ಪ್ರತ್ಯೇಕ ಭೂಸಂಪರ್ಕ ಬೇಕು, ವಿದ್ಯುತ್ತಿನದಕ್ಕೂ ಅದಕ್ಕೂ ಸಂಬಂಧವೇ ಇರಬಾರದು ಎಂಬ ಹಳೆಯ ನಂಬಿಕೆಯನ್ನು ಇನ್ನೂ ಕೆಲವು ಕೆಲಸಗಾರರು ಪಾಲಿಸುತ್ತಾರೆ. ಇದು ಅಪಾಯಕಾರಿ. ಸಿಡಿಲಿನ ಕ್ಷಣದಲ್ಲಿ ಎರಡು ಬೇರೆ ಗುಂಡಿಗಳ ನಡುವೆ ಭಾರಿ ವೋಲ್ಟೇಜ್ ವ್ಯತ್ಯಾಸ ಉಂಟಾಗಿ, ಅದು ಎರಡನ್ನೂ ಮುಟ್ಟಿಕೊಂಡಿರುವ ಏಕೈಕ ವಸ್ತುವಿನ ಮೂಲಕ ಹಾಯುತ್ತದೆ. ಆ ವಸ್ತುವೇ ಇಪಿಎಬಿಎಕ್ಸ್. ದೂರವಾಣಿಗೆ ತನ್ನದೇ ಗುಂಡಿ ಇರಲಿ, ಆದರೆ ದಪ್ಪ ತಾಮ್ರದ ತಂತಿಯಿಂದ ಅದನ್ನು ಕಟ್ಟಡದ ಮುಖ್ಯ ಭೂಸಂಪರ್ಕಕ್ಕೆ ಒಂದು ಕಡೆ ಬಿಗಿಯಾಗಿ ಜೋಡಿಸಿರಲಿ. ಪೆಟ್ಟಿಗೆಗೆ ವಿದ್ಯುತ್ ಕೊಡುವ ಸಾಕೆಟ್‌ನಲ್ಲಿ ನ್ಯೂಟ್ರಲ್ ಹಾಗೂ ಅರ್ಥ್ ನಡುವಿನ ವೋಲ್ಟೇಜ್ ಎರಡು ಮೂರು ವೋಲ್ಟ್ ಮೀರದಂತೆಯೂ ನೋಡಿಕೊಳ್ಳಬೇಕು.

ಸೊನ್ನೆಯ ಪ್ರಶ್ನೆ

ಯಂತ್ರವನ್ನು ಕೂರಿಸಿದ ಮೇಲೆ ಅದಕ್ಕೆ ನಿಯಮಗಳನ್ನು ಕಲಿಸುವ ಪ್ರೋಗ್ರಾಮಿಂಗ್ ಕೆಲಸ ಉಳಿಯುತ್ತದೆ. ಇದರಲ್ಲಿ ಸ್ಥಳೀಯರನ್ನು ಅತಿ ಹೆಚ್ಚು ಕಾಡುವುದು ಸೊನ್ನೆ. ಚಾಮರಾಜನಗರದ ಸಂಕೇತ ಸಂಖ್ಯೆ 08226, ಗುಂಡ್ಲುಪೇಟೆಯದು 08229. ಎರಡು ಊರುಗಳ ನಡುವೆ ಇರುವುದು ಸುಮಾರು 35 ಕಿಲೋಮೀಟರ್, ಆದರೂ ಒಂದರ ಸ್ಥಿರ ದೂರವಾಣಿಯಿಂದ ಇನ್ನೊಂದರದಕ್ಕೆ ಕರೆಯಲು ಸೊನ್ನೆ ಬೇಕೇ ಬೇಕು. ಎಸ್‌ಟಿಡಿ ಬಿಲ್ಲಿಗೆ ಹೆದರಿ ಗುಮಾಸ್ತರ ಒಳಲೈನುಗಳಿಗೆ ಸೊನ್ನೆಯನ್ನು ನಿರ್ಬಂಧಿಸಿದ್ದ ಮಾಲೀಕರ ಕಚೇರಿಗಳಲ್ಲಿ, ಗುಮಾಸ್ತ ತನ್ನದೇ ಶಾಖೆಗೆ ಕರೆ ಮಾಡಲಾಗದ ಸ್ಥಿತಿ ಇರುತ್ತಿತ್ತು.

2021ರ ಜನವರಿ 15ರಿಂದ ಇನ್ನೊಂದು ತೊಡಕು ಸೇರಿತು. ಅಂದಿನಿಂದ ಸ್ಥಿರ ದೂರವಾಣಿಯಿಂದ ಯಾವುದೇ ಮೊಬೈಲಿಗೆ, ಅದು ಎದುರಂಗಡಿಯದೇ ಆದರೂ, ಮೊದಲು ಸೊನ್ನೆ ಒತ್ತುವುದು ಕಡ್ಡಾಯವಾಯಿತು. ಹೊರಲೈನು ಹಿಡಿಯಲು ಒಂದು ಸೊನ್ನೆ, ಮೊಬೈಲಿಗೆ ಮತ್ತೊಂದು. ಹಳೆಯ ನಿರ್ಬಂಧ ಹಾಗೇ ಉಳಿದಿದ್ದ ಪೆಟ್ಟಿಗೆಗಳಲ್ಲಿ ಲಾರಿ ಚಾಲಕನಿಗೆ ಕರೆ ಮಾಡುವ ದಾರಿಯೇ ಮುಚ್ಚಿತು. ಯಂತ್ರ ಕೆಟ್ಟಿರಲಿಲ್ಲ, ಅದಕ್ಕೆ ಕಲಿಸಿದ ನಿಯಮ ಹಳತಾಗಿತ್ತು. ಸೊನ್ನೆಯ ಮುಂದೆ 6, 7, 8, 9 ಬಂದರೆ ಬಿಡು, ಎರಡು ಸೊನ್ನೆ ಬಂದರೆ ತಡೆ, ಗುಂಡ್ಲುಪೇಟೆಯ ಶಾಖೆಯ ಪೂರ್ಣ ಸಂಖ್ಯೆಯನ್ನು ಅನುಮತಿಯ ಪಟ್ಟಿಗೆ ಸೇರಿಸು ಎಂಬ ಮೂರು ನಿಯಮಗಳಿಂದ ಬಹುತೇಕ ಕಚೇರಿಗಳ ಸಮಸ್ಯೆ ಮುಗಿಯುತ್ತದೆ. ವಿದೇಶಿ ಕರೆಗಳನ್ನು ತಡೆಯುವುದಂತೂ ಅನಿವಾರ್ಯ. ಹೊರಗಿನಿಂದ ಕರೆ ಮಾಡಿ ಒಳಗಿನ ಲೈನು ಹಿಡಿಯುವ ಡೀಸಾ ಸೌಲಭ್ಯವನ್ನು ಕಾರ್ಖಾನೆಯ ಪಾಸ್‌ವರ್ಡ್‌ನೊಂದಿಗೇ ತೆರೆದಿಟ್ಟರೆ, ಐಪಿ ಪೆಟ್ಟಿಗೆಯನ್ನು ನೇರವಾಗಿ ಇಂಟರ್ನೆಟ್‌ಗೆ ಒಡ್ಡಿದರೆ, ಗೊತ್ತಿಲ್ಲದವರ ಮಾತಿಗೆ ಮಾಲೀಕ ಬಿಲ್ ಕಟ್ಟಬೇಕಾಗುತ್ತದೆ.

ಸ್ವಾಗತ ಧ್ವನಿಯ ವಿಷಯವನ್ನೂ ಇಲ್ಲಿ ಹೇಳಬಹುದು. ಸಿದ್ಧ ಇಂಗ್ಲಿಷ್ ಧ್ವನಿಯನ್ನು ಹಾಗೇ ಬಿಡುವವರು ಹೆಚ್ಚು. ಗುಂಡ್ಲುಪೇಟೆಯ ಮಂಡಿಗೆ ಕರೆ ಮಾಡುವವರು ಕನ್ನಡ, ಮಲಯಾಳಂ, ತಮಿಳು ಮಾತನಾಡುವವರು. ಮೂರು ಭಾಷೆಗಳಲ್ಲಿ ಒಂದೊಂದು ಚಿಕ್ಕ ವಾಕ್ಯ ಧ್ವನಿಮುದ್ರಿಸಲು ಅರ್ಧ ಗಂಟೆ ಸಾಕು.

ತಾಮ್ರ ಹೋಗಿ ಫೈಬರ್ ಬಂದಾಗ

ಬಿಎಸ್ಎನ್ಎಲ್ ತನ್ನ ಹಳೆಯ ತಾಮ್ರದ ಲೈನುಗಳ ಬದಲಿಗೆ ಫೈಬರ್ ಸಂಪರ್ಕ ನೀಡುತ್ತಾ ಬಂದಿದೆ. ಹಳೆಯ ಇಪಿಎಬಿಎಕ್ಸ್ ಇರುವವರು ಹೆದರಿ ಎಲ್ಲವನ್ನೂ ಕಿತ್ತೆಸೆಯಬೇಕಾಗಿಲ್ಲ. ಫೈಬರಿನ ಕೊನೆಯಲ್ಲಿರುವ ಓಎನ್‌ಟಿ ಪೆಟ್ಟಿಗೆಯಲ್ಲಿ ಮಾಮೂಲಿ ದೂರವಾಣಿಗಾಗಿ ಒಂದೆರಡು ಕಿಂಡಿಗಳಿರುತ್ತವೆ. ಅಲ್ಲಿಂದ ಒಂದು ಜೋಡಿ ತಂತಿಯನ್ನು ಎಂಡಿಎಫ್‌ಗೆ ತಂದರೆ ಅದೇ ಹೊಸ ಹೊರಲೈನು. ಒಳಗಿನ ವೈರಿಂಗು, ದೂರವಾಣಿಗಳು, ಒಳಸಂಖ್ಯೆಗಳು ಹಾಗೆಯೇ ಇರುತ್ತವೆ. ಅಂದು ಚೌಕಟ್ಟಿನ ಶಿಸ್ತನ್ನು ಪಾಲಿಸಿ ವೈರಿಂಗ್ ಮಾಡಿಸಿದವರಿಗೆ ಇದು ಹತ್ತು ನಿಮಿಷದ ಕೆಲಸ, ಹಾಗೆ ಮಾಡಿಸದವರಿಗೆ ಎರಡು ದಿನದ್ದು.

ಆದರೆ ಮೂರು ವ್ಯತ್ಯಾಸಗಳಿವೆ. ಮೊದಲನೆಯದು ವಿದ್ಯುತ್. ತಾಮ್ರದ ಕಾಲದಲ್ಲಿ ದೂರವಾಣಿಗೆ ಬೇಕಾದ ಶಕ್ತಿ ಇಲಾಖೆಯ ಕೇಂದ್ರದಲ್ಲಿದ್ದ 48 ವೋಲ್ಟ್ ಬ್ಯಾಟರಿಯಿಂದ ತಂತಿಯಲ್ಲೇ ಬರುತ್ತಿತ್ತು. ಊರಿಗೆಲ್ಲ ಕರೆಂಟ್ ಹೋದರೂ ದೂರವಾಣಿ ಮೊಳಗುತ್ತಿತ್ತು. ಕರೆಂಟ್ ಹೋದಾಗ ಮೊದಲ ಹೊರಲೈನನ್ನು ಒಂದು ನಿರ್ದಿಷ್ಟ ದೂರವಾಣಿಗೆ ನೇರವಾಗಿ ಜೋಡಿಸುವ ಏರ್ಪಾಡು ಹಲವು ಇಪಿಎಬಿಎಕ್ಸ್‌ಗಳಲ್ಲಿದ್ದುದು ಇದೇ ಭರವಸೆಯ ಮೇಲೆ. ಫೈಬರಿನ ಗಾಜಿನ ಎಳೆ ಬೆಳಕನ್ನು ಒಯ್ಯುತ್ತದೆ, ಕರೆಂಟನ್ನಲ್ಲ. ಓಎನ್‌ಟಿ ಆರಿದರೆ ಹೊರಲೈನು ಸತ್ತಂತೆ. ಇಪಿಎಬಿಎಕ್ಸ್‌ಗೆ ದೊಡ್ಡ ಬ್ಯಾಟರಿ ಕೊಟ್ಟು ಓಎನ್‌ಟಿಯನ್ನು ಮಾಮೂಲಿ ಸಾಕೆಟ್‌ಗೆ ಸಿಕ್ಕಿಸಿದ ಕಚೇರಿಗಳಲ್ಲಿ ಕರೆಂಟ್ ಹೋದಾಗ ಒಳಗಿನವರು ಒಬ್ಬರಿಗೊಬ್ಬರು ಕರೆ ಮಾಡಿ ‘ಲೈನಿಲ್ಲ’ ಎಂದು ಹೇಳಿಕೊಳ್ಳಬಹುದು, ಅಷ್ಟೇ. ಎರಡೂ ಒಂದೇ ಯುಪಿಎಸ್ ಮೇಲಿರಬೇಕು.

ಎರಡನೆಯದು ಕರೆ ಮುಗಿದ ಸಂಕೇತ. ಮಾತು ಮುಗಿಸಿ ಆಚೆಯವರು ಫೋನಿಟ್ಟಾಗ ಬರುವ ಸದ್ದನ್ನು ಕೇಳಿ ಪೆಟ್ಟಿಗೆ ಲೈನನ್ನು ಬಿಡುಗಡೆ ಮಾಡುತ್ತದೆ. ನಮ್ಮ ದೇಶದ ಎಂಗೇಜ್ ಸದ್ದು 400 ಹರ್ಟ್ಜ್, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ಓಎನ್‌ಟಿ ಬೇರೆ ಬಗೆಯ ಸದ್ದು ನೀಡಿದರೆ ಪೆಟ್ಟಿಗೆಗೆ ಅರ್ಥವಾಗದೆ ಲೈನು ಹಿಡಿದುಕೊಂಡೇ ಕೂರುತ್ತದೆ. ಯಾರೂ ಮಾತನಾಡುತ್ತಿಲ್ಲ, ಆದರೂ ಗಿರಾಕಿಗೆ ಎಂಗೇಜ್. ಸಂಪರ್ಕ ಬದಲಾದ ದಿನವೇ ಮೊಬೈಲಿನಿಂದ ಹತ್ತು ಬಾರಿ ಕರೆ ಮಾಡಿ, ಅರ್ಧದಲ್ಲಿ ಕಡಿದು, ಲೈನು ಬಿಡುಗಡೆಯಾಗುತ್ತಿದೆಯೇ ಎಂದು ತಂತ್ರಜ್ಞನ ಎದುರಿನಲ್ಲೇ ನೋಡಿಕೊಳ್ಳಬೇಕು. ಕರೆದವರ ಸಂಖ್ಯೆ ತೋರಿಸುವ ಸೌಲಭ್ಯವೂ ಇದೇ ಕಾರಣಕ್ಕೆ ತಪ್ಪಬಹುದು.

ಮೂರನೆಯದು ಮತ್ತೆ ಸಿಡಿಲು. ಗಾಜಿನ ಎಳೆ ಸಿಡಿಲನ್ನು ಒಯ್ಯದು, ಆದರೆ ಕಂಬದಿಂದ ಬರುವ ಫೈಬರ್ ಕೇಬಲಿನ ಆಧಾರಕ್ಕಿರುವ ಉಕ್ಕಿನ ತಂತಿ ಒಯ್ಯುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು.

ಎರಡೂ ಊರುಗಳಲ್ಲಿ ಶಾಖೆಯುಳ್ಳವರು ಫೈಬರ್ ಬಂದ ಮೇಲೆ ಐಪಿ ಮೂಲಕ ಎರಡು ಕಚೇರಿಗಳನ್ನೂ ಒಂದೇ ವಿನಿಮಯ ಕೇಂದ್ರದಂತೆ ಜೋಡಿಸಿಕೊಳ್ಳಬಹುದು. ಚಾಮರಾಜನಗರದ 21ರಿಂದ ಗುಂಡ್ಲುಪೇಟೆಯ 41ಕ್ಕೆ ನೇರ ಮಾತು, ಸೊನ್ನೆಯ ಗೊಡವೆಯಿಲ್ಲ. ಆದರೆ ಒಂದೂರಿನ ಸಾರ್ವಜನಿಕ ಜಾಲದಿಂದ ಬಂದ ಕರೆಯನ್ನು ತಮ್ಮ ಇಂಟರ್ನೆಟ್ ಮೇಲೆ ಒಯ್ದು ಇನ್ನೊಂದೂರಿನ ಸಾರ್ವಜನಿಕ ಜಾಲಕ್ಕೆ ಬಿಡುವುದು ಪರವಾನಗಿ ಪಡೆದ ಕಂಪೆನಿಗಳ ಕೆಲಸ. ಅಂತಹ ಏರ್ಪಾಡನ್ನು ಉಚಿತ ಸೌಲಭ್ಯವೆಂದು ಯಾರಾದರೂ ಮಾರಲು ಬಂದರೆ ದೂರವಿಡುವುದು ಒಳಿತು.

ಹಸ್ತಾಂತರದ ದಿನ

ಅಳವಡಿಕೆ ಮುಗಿದ ದಿನ ಹಣದ ಕೊನೆಯ ಕಂತು ಕೊಡುವ ಮೊದಲು ಮಾಲೀಕರು ಕೇಳಿ ಪಡೆಯಬೇಕಾದದ್ದು ಪೆಟ್ಟಿಗೆಯ ವಾರಂಟಿ ಪತ್ರವೊಂದನ್ನೇ ಅಲ್ಲ. ಪ್ರೋಗ್ರಾಮಿಂಗ್ ಪಾಸ್‌ವರ್ಡ್ ಮಾಲೀಕರ ಕೈಯಲ್ಲಿರಬೇಕು. ಅದು ತಂತ್ರಜ್ಞನ ತಲೆಯಲ್ಲಿ ಮಾತ್ರ ಇದ್ದರೆ ಅವನು ಫೋನ್ ಎತ್ತದ ದಿನ ಪೆಟ್ಟಿಗೆಯನ್ನು ಕಾರ್ಖಾನೆ ಸ್ಥಿತಿಗೆ ಮರಳಿಸಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ಒಂದು ಹಾಳೆಯಲ್ಲಿ ಮಾಡ್ಯೂಲಿನ ಸಂಖ್ಯೆ, ಜೋಡಿಯ ಬಣ್ಣ, ಒಳಸಂಖ್ಯೆ, ಮೇಜಿನ ಹೆಸರು ಬರೆಸಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಎಂಡಿಎಫ್ ಬಾಗಿಲಿನ ಒಳಬದಿಗೆ ಅಂಟಿಸಬೇಕು. ವಾರ್ಷಿಕ ನಿರ್ವಹಣೆಯ ಒಪ್ಪಂದವಿದ್ದರೆ ಮಾರ್ಚ್ ಕೊನೆಯ ವಾರಕ್ಕೆ ಒಂದು ಭೇಟಿಯನ್ನು ನಿಗದಿಪಡಿಸಿಕೊಳ್ಳಬೇಕು. ಆ ದಿನ ಮುಖ್ಯ ಸ್ವಿಚ್ಚನ್ನು ಆರಿಸಿ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಿ, ಜಿ.ಡಿ. ಟ್ಯೂಬುಗಳನ್ನು ಪರೀಕ್ಷಿಸಿ, ಗುಂಡಿಗೆ ನೀರು ಹಾಕುವ ಮೊದಲು ಭೂಸಂಪರ್ಕದ ಓಂ ಅಳೆದು, ಆ ಅಂಕಿಯನ್ನು ದಿನಾಂಕ ಸಹಿತ ಅದೇ ಬಾಗಿಲಿನ ಹಾಳೆಯ ಕೆಳಗೆ ಬರೆಸಬೇಕು.